ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಬಂದಿದ್ದ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಯಾರು? ಅವರ ಮಾರುತ್ ಯುದ್ಧ ವಿಮಾನ ಯಾಕೆ ಸೋತಿತು?

ಮಾರುತ್‌ನ ವಿನ್ಯಾಸದಲ್ಲಿ ಕೊರತೆ ಇರಲಿಲ್ಲ, ಅದಕ್ಕೆ ತಕ್ಕ ಇಂಜಿನ್ ಸಿಗಲಿಲ್ಲ. ಸೋಲನ್ನು ಟ್ಯಾಂಕ್ ಅವರ ತಲೆಗೆ ಕಟ್ಟುವುದು ಅನ್ಯಾಯ ಅಂತ ನನಗನಿಸುತ್ತದೆ.

ಅವರು ಹುಟ್ಟಿದ್ದು 1898ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಬ್ರೋಂಬರ್ಗ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದರು. ಆಮೇಲೆ ಬರ್ಲಿನ್‌ನಲ್ಲಿ ಇಂಜಿನಿಯರಿಂಗ್ ಓದಿ, 1931ರಲ್ಲಿ ಬ್ರೇಮೆನ್ ನಗರದ ಫೋಕ ವುಲ್ಫ್ ಕಂಪನಿ ಸೇರಿದರು. ತಾವು ರೂಪಿಸಿದ ವಿಮಾನವನ್ನು ತಾವೇ ಹಾರಿಸಿ ನೋಡುತ್ತಿದ್ದರು. ಅಂಥ ವಿನ್ಯಾಸಕರು ಅಪರೂಪ. ಅವರ ಕಾಂಡೋರ್ ವಿಮಾನ 1938ರಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ತಲುಪಿತು.

ದೊಡ್ಡ ಹೆಸರು ಬಂದದ್ದು ಎಫ್‌ಡಬ್ಲ್ಯು 190 ಯುದ್ಧ ವಿಮಾನದಿಂದ. ಬರೀ ವೇಗದ ರೇಸ್ ಕುದುರೆ ಬೇಡ, ಒರಟು ನೆಲದಲ್ಲೂ ತಾಳುವ ದಂಡಿನ ಕುದುರೆ ಬೇಕು ಅನ್ನುವುದು ಅವರ ಯೋಚನೆ. ಅಶ್ವದಳದಲ್ಲಿ ಕಲಿತದ್ದು ಅಲ್ವಾ? ಅದಕ್ಕೇ ಚಕ್ರಗಳನ್ನು ದೂರ ದೂರ ಇಟ್ಟರು. ಗಾಳಿಯಿಂದಲೇ ತಣಿಯುವ ಇಂಜಿನ್ ಹಾಕಿದರು. ಗುಂಡು ಬಿದ್ದು ನೀರು ಸೋರಿಹೋಗುವ ಭಯ ಅದಕ್ಕಿಲ್ಲ. ಆದರೆ ಈ ಜಾಣ್ಮೆಯೆಲ್ಲ ಹಿಟ್ಲರನ ಯುದ್ಧಕ್ಕೆ ಬಳಕೆಯಾಯಿತು. ಆ ಕಂಪನಿಯ ಕಾರ್ಖಾನೆಗಳಲ್ಲಿ ಜನರನ್ನು ಬಲವಂತವಾಗಿ ದುಡಿಸಿಕೊಂಡಿದ್ದರು. ಟ್ಯಾಂಕ್ ಅವರನ್ನು ಹೊಗಳುವಾಗ ಇದನ್ನು ಮುಚ್ಚಿಡಬಾರದು.

ಯುದ್ಧ ಮುಗಿದ ಮೇಲೆ ಬೇರೆ ಹೆಸರಿನಲ್ಲಿ ಅರ್ಜೆಂಟೀನಾಕ್ಕೆ ಹೋಗಿ ಪುಲ್ಕಿ 2 ಎಂಬ ಜೆಟ್ ಮಾಡಿದರು. 1955ರಲ್ಲಿ ಅಲ್ಲಿನ ಪೆರೋನ್ ಸರ್ಕಾರ ಬಿತ್ತು. ಮರುವರ್ಷ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು.

ಎಚ್‌ಎಎಲ್‌ನವರು ಅದಕ್ಕೆ ಮೊದಲು ಎಚ್‌ಟಿ-2 ತರಬೇತಿ ವಿಮಾನ ಮಾಡಿದ್ದರು. ಅಲ್ಲಿಂದ ನೇರ ಶಬ್ದಕ್ಕಿಂತ ವೇಗದ ಯುದ್ಧ ವಿಮಾನಕ್ಕೆ ಜಿಗಿಯಬೇಕಿತ್ತು. ಟ್ಯಾಂಕ್ ತಂಡ ಮೊದಲು ಮಾರುತ್‌ನಷ್ಟೇ ಅಳತೆಯ, ಇಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿತು. ಡಕೋಟಾ ವಿಮಾನದಿಂದ ಅದನ್ನು ಎಳೆಸಿ, ಮೇಲೆ ಬಿಟ್ಟು ಪರೀಕ್ಷೆ ಮಾಡಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಬೆಂಗಳೂರಿನಲ್ಲೇ ಮೊದಲ ಸಲ ಮಾರುತ್ ಹಾರಿಸಿದರು.

ತೊಡಕಾದದ್ದು ಇಂಜಿನ್‌ನಿಂದ. ಟ್ಯಾಂಕ್ ನಂಬಿಕೊಂಡಿದ್ದು ಬ್ರಿಟನ್ನಿನ ಆರ್ಫಿಯಸ್ 12ನ್ನು. ಅದನ್ನು ಪೂರ್ತಿ ಮಾಡಲು ಬೇಕಾದ ದುಡ್ಡು ಕೊಡಲು ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಆರ್ಫಿಯಸ್ 703 ಎರಡನ್ನು ಕೂರಿಸಿದರು. ಈಜಿಪ್ಟಿನ ಇಂಜಿನ್ ಹಾಕಿ ಅಲ್ಲೇ ಒಂದು ಮಾರುತ್ ಹಾರಿಸಿ ನೋಡಿದರೂ ಅದೂ ಮುಂದುವರಿಯಲಿಲ್ಲ. ನೇರ ಹಾರಾಟದಲ್ಲಿ ಮಾರುತ್ ಶಬ್ದದ ವೇಗ ದಾಟಲೇ ಇಲ್ಲ.

ಆದರೂ 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ನೆಲದ ಗುರಿಗಳ ಮೇಲೆ ದಾಳಿ ಮಾಡಿದವು. ಒಂದು ಇಂಜಿನ್‌ಗೆ ಪೆಟ್ಟು ಬಿದ್ದರೂ ಇನ್ನೊಂದರಲ್ಲೇ ವಾಪಸ್ ಬಂದದ್ದುಂಟು. ಇಂಥ ವಿಮಾನವನ್ನು ಸುಮ್ನೆ ಸೋಲು ಅಂತ ತಳ್ಳಿಹಾಕುವುದು ಹೇಗೆ?

ಟ್ಯಾಂಕ್ 1960ರ ದಶಕದ ಕೊನೆಗೆ ಜರ್ಮನಿಗೆ ಮರಳಿದರು, 1983ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿದ್ದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಇಟ್ಟಿರುವ ಮಾರುತ್ ನೋಡಿ. ಅದರ ಸಪೂರ ಮೈಯನ್ನೂ ಹಿಂದಕ್ಕೆ ಬಾಗಿದ ರೆಕ್ಕೆಗಳನ್ನೂ ಗಮನಿಸಿದರೆ, ಎಷ್ಟು ವೇಗಕ್ಕೆಂದು ಅದನ್ನು ರೂಪಿಸಿದ್ದರು ಅಂತ ಗೊತ್ತಾಗುತ್ತದೆ.