ಜರ್ಮನಿಗೆ ಓದಲು ಹೋದ ಮೊದಲ ತಿಂಗಳುಗಳಲ್ಲಿ ನಿಜಕ್ಕೂ ತಬ್ಬಿಬ್ಬು ಮಾಡುವುದು ಯಾವುದು?

ಅಕ್ಟೋಬರ್‌ಗೆ ಜರ್ಮನಿಯಲ್ಲಿ ಎಂ.ಎಸ್. ಶುರುವಾಗುತ್ತದೆ, ಮನೆ ಬಿಟ್ಟು ಇರುವುದು ಇದೇ ಮೊದಲು, ಯಾವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಚಳಿ, ಊಟ, ಭಾಷೆ ಇವುಗಳ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ಅವಕ್ಕೆ ಒಂದಷ್ಟು ತಯಾರಾಗಿಯೇ ಹೋಗುತ್ತೀರಿ. ನಾನು ಒತ್ತಿ ಹೇಳುವುದು ಬೇರೆಯದನ್ನು: ಅಲ್ಲಿ ಯಾರೂ ನಿಮ್ಮ ಬೆನ್ನು ಹತ್ತಿ ಏನನ್ನೂ ನೆನಪಿಸುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ನೋಟಿಸ್ ಬೋರ್ಡಿಗೆ ಬರುತ್ತದೆ, ಕ್ಲಾಸಿಗೆ ಬಂದು ಓದಿ ಹೇಳುತ್ತಾರೆ, ಕೊನೆಯ ದಿನ ದಾಟಿದರೂ ದಂಡ ಕಟ್ಟಿ ಒಳಗೆ ಸೇರಬಹುದು. ಅಲ್ಲಿ ನಿಯಮ ಬರೆದಿಟ್ಟಿರುತ್ತಾರೆ, ಓದಿಕೊಳ್ಳುವುದು ನಿಮ್ಮ ಕೆಲಸ. ಕೇಳಿದರೆ ಮಾತ್ರ ಸಾವಧಾನವಾಗಿ, ಪೂರ್ತಿಯಾಗಿ ಉತ್ತರಿಸುತ್ತಾರೆ. ಇದು ಗೊತ್ತಿಲ್ಲದವರಿಗೆ ಮೊದಲ ಆರು ತಿಂಗಳು ಅಲ್ಲಿಯ ಜನ ಕಲ್ಲುಮನಸ್ಸಿನವರು ಅನಿಸಿಬಿಡುತ್ತದೆ.

ಇದರ ಬಿಸಿ ಮೊದಲು ತಟ್ಟುವುದು ಕಾಗದಪತ್ರದಲ್ಲಿ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟಿನ ಜೊತೆ, ನೀವು ಆ ಮನೆಗೆ ಬಂದಿದ್ದೀರಿ ಎಂದು ಮನೆ ಮಾಲೀಕರು ಸಹಿ ಮಾಡಿದ ಪತ್ರವೂ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಹಾಗಾಗಿ ಕೋಣೆ ಒಪ್ಪಿಕೊಳ್ಳುವ ಮೊದಲೇ 'ಇಲ್ಲಿ ಅನ್‌ಮೆಲ್ಡುಂಗ್ ಆಗುತ್ತದೆಯೇ' ಎಂದು ಬರವಣಿಗೆಯಲ್ಲಿ ಕೇಳಿ. ಆಗುವುದಿಲ್ಲ ಎಂದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ. ಮುಂದಿನದೆಲ್ಲ ನೋಂದಣಿಯಾದ ಮೇಲೆ ಕಚೇರಿ ಕೊಡುವ ಪ್ರಮಾಣಪತ್ರ ಎಂಬ ಒಂದು ಹಾಳೆಯ ಮೇಲೆ ನಿಂತಿದೆ. ವಾಸದ ಪರವಾನಗಿಗೆ ಅದು ಬೇಕು, ಹಲವು ಬ್ಯಾಂಕುಗಳು ಖಾತೆ ತೆರೆಯಲು ಅದನ್ನೇ ಕೇಳುತ್ತವೆ, ಪಾರ್ಟ್‌ಟೈಮ್ ಕೆಲಸಕ್ಕೆ ಬೇಕಾದ ತೆರಿಗೆ ಸಂಖ್ಯೆ ನೋಂದಣಿಯಾದ ಮೇಲೆ ಅಂಚೆಯಲ್ಲಿ ಅದೇ ವಿಳಾಸಕ್ಕೆ ಬರುತ್ತದೆ. ಬರ್ಲಿನ್‌ನಂಥ ದೊಡ್ಡ ಊರುಗಳಲ್ಲಿ ಕಚೇರಿಯ ಸಮಯ ಸಿಗಲು ವಾರಗಟ್ಟಲೆ ಕಾಯಬೇಕಾಗಬಹುದು. ಬೇರೆಯವರು ರದ್ದು ಮಾಡಿದ ಸಮಯಗಳು ವೆಬ್‌ಸೈಟಿನಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ, ಬೆಳಗ್ಗೆ ಬೇಗ ನೋಡುತ್ತಿರಿ. ಎರಡು ವಾರ ಮೀರಿದರೆ ಗಾಬರಿ ಬೇಡ, ಸಮಯ ಕಾದಿರಿಸಿದ ಇಮೇಲ್ ಜೋಪಾನವಾಗಿಟ್ಟುಕೊಳ್ಳಿ.

ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ನಮ್ಮ ಕರಾವಳಿಯ ಕ್ಯಾಥೊಲಿಕ್ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಅಲ್ಲಿ ಕ್ಯಾಥೊಲಿಕ್ ಎಂದು ದಾಖಲಾದವರು ಮುಂದೆ ಆದಾಯ ತೆರಿಗೆ ಕಟ್ಟುವಷ್ಟು ದುಡಿಯತೊಡಗಿದಾಗ ಆ ತೆರಿಗೆಯ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಬವೇರಿಯ ಮತ್ತು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ 8, ಉಳಿದ ಕಡೆ 9.

ಹಣದ ಲೆಕ್ಕದಲ್ಲೂ ಎಡವುವವರು ಬಹಳ. ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ವೀಸಾಕ್ಕಾಗಿ ಮೊದಲೇ ಹಣ ಇಟ್ಟು ತಿಂಗಳಿಗೆ ಇಷ್ಟೆಂದು ಮಾತ್ರ ಪಡೆಯುವ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992. ಇಳಿದ ದಿನವೇ ಅದು ಕೈಗೆ ಬರುವುದಿಲ್ಲ. ಅಲ್ಲಿ ಖಾತೆ ತೆರೆದು, ದಾಖಲೆ ಕಳಿಸಿ, ಅವರು ಪರಿಶೀಲಿಸಿದ ಮೇಲೆ ಮೊದಲ ಕಂತು. ಅಷ್ಟರಲ್ಲಿ ಮೊದಲ ಬಾಡಿಗೆ ಮತ್ತು ಡಿಪಾಸಿಟ್ ಕೊಡಬೇಕಾಗಿರುತ್ತದೆ. ಬೇರೆಯಾಗಿ 1,500ರಿಂದ 2,000 ಯೂರೊ ಫಾರೆಕ್ಸ್ ಕಾರ್ಡ್‌ನಲ್ಲಿ ಇರಲಿ ಎಂಬುದು ನನ್ನ ಸಲಹೆ. ಡಿಪಾಸಿಟ್ ಗರಿಷ್ಠ ಮೂರು ತಿಂಗಳ 'ತಣ್ಣನೆಯ ಬಾಡಿಗೆ', ಅಂದರೆ ಹೀಟಿಂಗ್ ಮತ್ತು ನೀರಿನ ಖರ್ಚು ಸೇರದ ಮೂಲ ಬಾಡಿಗೆಯಷ್ಟು ಮಾತ್ರ. ಅದನ್ನೂ ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲಿಯೇ ಇದೆ. ಮನೆ ತೋರಿಸದೆ, 'ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ' ಎನ್ನುವವರು ಮೋಸಗಾರರು, ಅನುಮಾನವೇ ಬೇಡ.

ಅಂಚೆಯನ್ನು ಹಗುರವಾಗಿ ಕಾಣಬೇಡಿ. ಬ್ಯಾಂಕ್, ವಿಮೆ, ವಿದೇಶಿಯರ ಕಚೇರಿ ಎಲ್ಲವೂ ಕಾಗದ ಬರೆಯುತ್ತವೆ. ಪತ್ರಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ, ಬಂದ ದಿನವೇ ಹೆಸರು ಅಂಟಿಸಿ. ಕೆಲವು ವಾರಗಳಲ್ಲಿ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ: ಒಂದು ಮನೆಗೆ ತಿಂಗಳಿಗೆ 18.36 ಯೂರೊ. ಟಿವಿಯೇ ಇಲ್ಲವಲ್ಲ, ಇದು ಮೋಸ ಇರಬೇಕು ಎಂದು ಹರಿದು ಎಸೆಯುವವರಿದ್ದಾರೆ. ಅದು ಅಸಲಿ, ಸುಮ್ಮನಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ತಲೆಗೆ ಇಷ್ಟೆಂದಲ್ಲ, ಮನೆಗೆ ಇಷ್ಟು. ಹಂಚಿಕೊಂಡ ಮನೆಯಲ್ಲಿ ಒಬ್ಬರು ಈಗಾಗಲೇ ಕಟ್ಟುತ್ತಿದ್ದರೆ ಅವರ ಶುಲ್ಕಸಂಖ್ಯೆ ಬರೆದು ಉತ್ತರಿಸಿದರೆ ಸಾಕು. ಕೋರ್ಟು, ಸರ್ಕಾರಿ ಕಚೇರಿಗಳಿಂದ ಹಳದಿ ಲಕೋಟೆಯಲ್ಲಿ ಬರುವ ಪತ್ರಗಳು ಇನ್ನೂ ಗಂಭೀರ. ಲಕೋಟೆಯ ಮೇಲೆ ಅಂಚೆಯವರು ಬರೆದ ತಾರೀಖಿನಿಂದಲೇ ನಿಮ್ಮ ಗಡುವು ಶುರು. ಲಕೋಟೆಯನ್ನೂ ಎಸೆಯಬೇಡಿ.

ವಿಶ್ವವಿದ್ಯಾಲಯದಲ್ಲಿ ನಮ್ಮವರಿಗೆ ದೊಡ್ಡ ಪೆಟ್ಟು ಬೀಳುವುದು ಪರೀಕ್ಷೆಯ ವಿಷಯದಲ್ಲಿ. ವಿಟಿಯು ಪದ್ಧತಿಯಿಂದ ಬಂದವರಿಗೆ ಇಂಟರ್ನಲ್ಸ್ ಇರುತ್ತಿತ್ತು, ಹಾಜರಿ ಲೆಕ್ಕ ಇರುತ್ತಿತ್ತು, ಅವೇ ಓದಿಸುತ್ತಿದ್ದವು. ಅಲ್ಲಿ ಬಹುತೇಕ ಲೆಕ್ಚರ್‌ಗಳಿಗೆ ಹಾಜರಿ ತೆಗೆದುಕೊಳ್ಳುವುದಿಲ್ಲ. ಹಲವು ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಪೂರ್ತಿ ಅಂಕ ನಿರ್ಧರಿಸುತ್ತದೆ. ಕೋರ್ಸಿಗೆ ಹೆಸರು ಹಾಕಿದ್ದೇನೆ, ಪರೀಕ್ಷೆಗೂ ಹೆಸರಿರುತ್ತದೆ ಎಂದುಕೊಂಡರೆ ಕೆಟ್ಟಿರಿ. ಪರೀಕ್ಷೆಗೆ ಆನ್‌ಲೈನಿನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು, ಗಡುವು ಪರೀಕ್ಷೆಗೆ ವಾರಗಳ ಮೊದಲೇ ಮುಗಿಯುತ್ತದೆ, ತಪ್ಪಿದರೆ ಆ ಸಲ ಬರೆಯುವ ಹಾಗಿಲ್ಲ. ನೋಂದಾಯಿಸಿ, ಹೆಸರು ಹಿಂತೆಗೆಯದೆ, ಹೋಗದೇ ಉಳಿದರೆ ಸಾಮಾನ್ಯವಾಗಿ ನಪಾಸು ಎಂದೇ ಲೆಕ್ಕ. ಜ್ವರ ಬಂದರೆ ತಕ್ಷಣ ವೈದ್ಯರ ಪ್ರಮಾಣಪತ್ರ ಕಳಿಸಬೇಕು. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಕೊನೆಯದೂ ಹೋದರೆ ಆ ಕೋರ್ಸಿನಿಂದಲೇ ಹೆಸರು ತೆಗೆಯುತ್ತಾರೆ, ಬೇರೆ ಜರ್ಮನ್ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸಿಗೆ ಸೇರುವ ದಾರಿ ಮುಚ್ಚಬಹುದು. ಬ್ಯಾಕ್‌ಲಾಗ್ ಇದ್ದರೂ ಮುಂದಿನ ಸಲ ನೋಡಿಕೊಳ್ಳೋಣ ಎಂಬ ಧೋರಣೆ ಅಲ್ಲಿ ತುಂಬಾ ದುಬಾರಿ. ನಿಮ್ಮ ವಿಭಾಗದ ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರದಲ್ಲೇ ಓದಿ. ಗ್ರೇಡ್ 1.0 ಅತ್ಯುತ್ತಮ, 4.0ಕ್ಕೆ ಪಾಸು, 5.0 ನಪಾಸು. 2.3 ಬಂತೆಂದು ಮನೆಗೆ ಫೋನ್ ಮಾಡಿ ಅಳಬೇಕಾಗಿಲ್ಲ, ಅದು ಒಳ್ಳೆಯ ಗ್ರೇಡೇ. ತಿದ್ದಿದ ಉತ್ತರಪತ್ರಿಕೆಯನ್ನು ನೋಡಲು ಒಂದು ದಿನ ಗೊತ್ತುಮಾಡುತ್ತಾರೆ, ತಪ್ಪದೆ ಹೋಗಿ. ಎಲ್ಲಿ ಅಂಕ ಹೋಯಿತು ಎಂದು ವಿನಯದಿಂದ ಕೇಳುವುದನ್ನು ಯಾರೂ ಉದ್ಧಟತನ ಎಂದುಕೊಳ್ಳುವುದಿಲ್ಲ.

ವೇಳಾಪಟ್ಟಿಯಲ್ಲಿ 10 ಗಂಟೆಯ ಮುಂದೆ 'ಸಿ.ಟಿ.' ಎಂದಿದ್ದರೆ ಕ್ಲಾಸು 10.15ಕ್ಕೆ, 'ಎಸ್.ಟಿ.' ಎಂದಿದ್ದರೆ 10ಕ್ಕೆ ಸರಿಯಾಗಿ. ಲೆಕ್ಚರ್ ಮುಗಿದಾಗ ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತಾರೆ. ಅದು ಚಪ್ಪಾಳೆ, ನೀವೂ ಕುಟ್ಟಿ.

ಇನ್ನು ಜನ. ನಮ್ಮಲ್ಲಿ ಉಪಚಾರ ಎಂದರೆ ಮೂರು ಸಲ ಕೇಳುವುದು, ಎರಡು ಸಲ ಬೇಡ ಎನ್ನುವುದು. ಅಲ್ಲಿ ಒಮ್ಮೆ ಕೇಳುತ್ತಾರೆ, ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ. ಸಂಕೋಚಕ್ಕೆ ಬೇಡ ಎಂದವರು ಹಸಿದುಕೊಂಡು ಮನೆಗೆ ಬರುತ್ತಾರೆ. ಅದು ಅನಾದರವಲ್ಲ, ನಿಮ್ಮ ಮಾತಿಗೆ ಅವರು ಕೊಡುವ ಬೆಲೆ ಅದು. ಅದೇ ಕಾರಣಕ್ಕೆ 'ಬರುತ್ತೇನೆ' ಎಂದು ಹೇಳಿ ಹೋಗದಿದ್ದರೆ ಅವರಿಗೆ ನಿಜವಾಗಿ ಬೇಸರವಾಗುತ್ತದೆ. ಆಗುವುದಿಲ್ಲ ಎಂದು ನೇರವಾಗಿ ಹೇಳುವುದೇ ಮೇಲು. ಹೋಟೆಲಿನಲ್ಲಿ ಅವರವರ ಬಿಲ್ಲು ಅವರವರದು. ಹುಟ್ಟುಹಬ್ಬದ ಶುಭಾಶಯ ಒಂದು ದಿನ ಮೊದಲು ಹೇಳಬೇಡಿ, ಅಪಶಕುನ ಎಂಬ ನಂಬಿಕೆ ಇದೆ. ಗುಂಪಿನ ಪ್ರಾಜೆಕ್ಟಿನಲ್ಲಿ ಸಹಪಾಠಿ 'ಈ ಭಾಗ ಸರಿಯಿಲ್ಲ' ಎಂದು ಎಲ್ಲರೆದುರು ಹೇಳಿದರೆ ಮನಸ್ಸಿಗೆ ಚುಚ್ಚುತ್ತದೆ. ಆ ಮಾತು ಕೆಲಸದ ಮೇಲೆ, ನಿಮ್ಮ ಮೇಲಲ್ಲ. ಸಂಜೆ ಅವರೇ ಜೊತೆಗೆ ಊಟಕ್ಕೆ ಕರೆಯುತ್ತಾರೆ. ಗೆಳೆತನ ನಿಧಾನ. ನನ್ನ ದೃಷ್ಟಿಯಲ್ಲಿ ಅದಕ್ಕೆ ಅತ್ಯುತ್ತಮ ದಾರಿ ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು. ಬ್ಯಾಡ್ಮಿಂಟನ್‌ಗೋ ವಾಲಿಬಾಲ್‌ಗೋ ಸೇರಿ. ಶುಲ್ಕ ಕಡಿಮೆ, ವಾರವಾರ ಅದೇ ಮುಖಗಳು. ಬರೀ ಭಾರತೀಯರ ವಾಟ್ಸಾಪ್ ಗುಂಪಿನೊಳಗೇ ಉಳಿದವರ ಜರ್ಮನ್ ಭಾಷೆಯೂ ಅಲ್ಲೇ ನಿಂತುಬಿಡುತ್ತದೆ, ಆಮೇಲೆ ಕೆಲಸ ಹುಡುಕುವಾಗ ಅದು ಕಾಡುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣ ಮತ್ತು ಪೆಟ್ರೋಲ್ ಬಂಕ್‌ಗಳಲ್ಲಿ ಮಾತ್ರ ಏನಾದರೂ ಸಿಕ್ಕೀತು. ಅಕ್ಕಿ ಬೇಳೆ ಶನಿವಾರವೇ ತನ್ನಿ. ಭಾನುವಾರ ಗೋಡೆ ಕೊರೆಯುವುದು, ಗಾಜಿನ ಬಾಟಲಿ ತೊಟ್ಟಿಗೆ ಎಸೆಯುವುದು ಕೂಡದು. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಎಸೆಯಲೇಬೇಡಿ, ಅದರ ಮೇಲೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಇರುತ್ತದೆ, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿ ವಾಪಸು ಪಡೆಯಿರಿ. ಸಸ್ಯಾಹಾರಿಗಳು ಲೇಬಲ್ಲಿನಲ್ಲಿ ಗೆಲಟೀನ್, ಶ್ಮಾಲ್ಟ್ಸ್ ಎಂಬ ಹೆಸರುಗಳನ್ನು ಹುಡುಕಿ. ಮೊದಲನೆಯದು ಜೆಲ್ಲಿ ಮಿಠಾಯಿಗಳಲ್ಲೂ ಕೆಲವು ಮೊಸರಿನಲ್ಲೂ ಇರುತ್ತದೆ, ಎರಡನೆಯದು ಸಾಮಾನ್ಯವಾಗಿ ಹಂದಿಯ ಕೊಬ್ಬು.

ಒಗ್ಗರಣೆಯ ಬಗ್ಗೆ ಒಂದು ಮಾತು. ಹಾಸ್ಟೆಲಿನಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಇರುತ್ತದೆ, ಒಣಮೆಣಸಿನಕಾಯಿ ಸೀದರೆ ಅದು ಕೂಗುತ್ತದೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಕಾರಿಡಾರಿನ ಬಾಗಿಲು ತೆರೆಯುವುದು, ಅದನ್ನೇ ಮಾಡಬಾರದು. ಕಾರಿಡಾರಿನ ಯಂತ್ರ ಅಗ್ನಿಶಾಮಕ ದಳಕ್ಕೆ ನೇರ ಜೋಡಣೆಯಾಗಿದ್ದರೆ ವಾಹನ ಬಂದೇಬಿಡುತ್ತದೆ, ಬಿಲ್ಲು ನಿಮಗೆ ಬರಬಹುದು. ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ, ಎಣ್ಣೆ ಸಣ್ಣ ಉರಿಯಲ್ಲಿ ಕಾಯಿಸಿ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ್ದೇ ಒಯ್ಯಿರಿ, ಬರಿಯ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ವೋಲ್ಟೇಜ್ 230, ಮಿಕ್ಸಿ ಓಡುತ್ತದೆ, ಮೂರು ಪಿನ್ನಿನ ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ತುಪ್ಪ, ಪನೀರ್, ಕೋವಾ, ಮಾಂಸದ ಪದಾರ್ಥ ಬ್ಯಾಗಿನಲ್ಲಿ ಇಡಬೇಡಿ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಉತ್ಪನ್ನ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗೆ ತೊಂದರೆಯಿಲ್ಲ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಹುಟ್ಟುವಾಗ ಎಂಟೂಕಾಲು, ಮುಳುಗುವಾಗ ಇನ್ನೂ ನಾಲ್ಕು ಗಂಟೆಯಾಗಿರುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಮನೆಯವರಿಗೂ ನಿಮಗೂ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆ ಆಗುತ್ತದೆ, ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ. ದಪ್ಪ ಜಾಕೆಟ್ ಅಲ್ಲೇ ಕೊಳ್ಳಿ, ಇಲ್ಲಿಯದು ಸಾಲುವುದಿಲ್ಲ. ಚಳಿಯೆಂದು ಕಿಟಕಿ ಮುಚ್ಚಿಯೇ ಇಟ್ಟು, ಕೋಣೆಯೊಳಗೆ ಬಟ್ಟೆ ಒಣಗಿಸಿದರೆ ಗೋಡೆಯ ಮೂಲೆಗೆ ಬೂಷ್ಟು ಹಿಡಿಯುತ್ತದೆ, ಮಾಲೀಕರು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳುತ್ತಾರೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆದು ಮುಚ್ಚಿ. ಹೀಟರ್ ತಿರುಗಣೆಯ 3ನೇ ಅಂಕಿ ಎಂದರೆ ಸುಮಾರು 20 ಡಿಗ್ರಿ, 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಬಿಲ್ಲಷ್ಟೇ ಏರುತ್ತದೆ.

ಜ್ವರಕ್ಕೆ ವೈದ್ಯರು ಚಹಾ ಕುಡಿದು ಮಲಗಿ ಎಂದು ಕಳಿಸಬಹುದು, ಆಂಟಿಬಯಾಟಿಕ್ ಸುಲಭಕ್ಕೆ ಬರೆಯುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲಿ ಮಾತ್ರ. ರಾತ್ರಿ ಅಥವಾ ರಜೆಯ ದಿನ ಜೀವಕ್ಕೆ ಅಪಾಯವಿಲ್ಲದ ತೊಂದರೆಗೆ 116117, ತುರ್ತಿಗೆ 112. ಮನಸ್ಸು ವಾರಗಟ್ಟಲೆ ಮಂಕಾಗಿದ್ದರೆ ನೀವಿರುವ ಊರಿನ ಶ್ಟುಡೀರೆಂಡೆನ್‌ವೆರ್ಕ್‌ನ, ಅಂದರೆ ವಿದ್ಯಾರ್ಥಿಗಳ ಹಾಸ್ಟೆಲು, ಕ್ಯಾಂಟೀನು ನಡೆಸುವ ಸೇವಾಸಂಸ್ಥೆಯ, ಆಪ್ತಸಮಾಲೋಚಕರ ಬಳಿ ಹೋಗಿ. ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಹಲವು ಊರುಗಳಲ್ಲಿ ಇಂಗ್ಲಿಷಿನಲ್ಲೂ ಮಾತನಾಡುತ್ತಾರೆ. ಆದರೆ ಮೊದಲ ಇಮೇಲ್ ನೀವೇ ಬರೆಯಬೇಕು, ನವೆಂಬರ್‌ನಲ್ಲೇ ಬರೆಯಿರಿ, ಜನವರಿಯ ಹೊತ್ತಿಗೆ ಕಾಯುವವರ ಪಟ್ಟಿ ಉದ್ದವಾಗಿರುತ್ತದೆ.