ಇಸಿಜಿ ಸರಿಯಿದ್ದರೂ ಎದೆ ಬಡಿದುಕೊಳ್ಳುವುದೇಕೆ?

ಕೋಲಾರದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಿಮ್ಮ ತಂಗಿಗೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು, ಕೈ ನಡುಗಿ, ಸತ್ತೇ ಹೋಗುತ್ತೇನೆ ಎನ್ನಿಸುತ್ತದೆ. ಇಸಿಜಿ ಸರಿಯಿದೆ, ಇದು ನಾಟಕವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ದಯವಿಟ್ಟು ಆ ಮಾತನ್ನು ಅವರೆದುರು ಆಡಬೇಡಿ.

ನೀವು ಬರೆದಿರುವುದು ಪ್ಯಾನಿಕ್ ಅಟ್ಯಾಕ್‌ನಂತೆ ಕಾಣುತ್ತದೆ. ಎದುರಿಗೆ ಅಪಾಯವಿಲ್ಲದಿದ್ದರೂ ದೇಹ ಎದೆಬಡಿತ ಹೆಚ್ಚಿಸುವ ಅಡ್ರಿನಾಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ತಾರಕಕ್ಕೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಮತ್ತೆ ಬಂದೀತೆಂಬ ಭಯಕ್ಕೆ ಬಸ್ಸು ಹತ್ತುವುದನ್ನೇ ಬಿಟ್ಟರೆ ಕಾಯಿಲೆ ಬೇರೂರುತ್ತದೆ. ನನಗೆ ಹೆಚ್ಚು ಕಳವಳ ಇದರದ್ದೇ. ಆರು ತಿಂಗಳು, ವರ್ಷ ಎಲ್ಲದಕ್ಕೂ ಚಿಂತಿಸುತ್ತಲೇ ಇರುವುದು, ಜನರೆದುರು ಮಾತನಾಡಲು ವಿಪರೀತ ಅಂಜುವುದು ಆತಂಕದ ಬೇರೆ ಬಗೆಗಳು. ಕಾರಣ ಒಂದೇ ಅಲ್ಲ: ವಂಶ, ಸ್ವಭಾವ, ಬದುಕಿನ ಒತ್ತಡ ಕೂಡಿಕೊಳ್ಳುತ್ತವೆ.

ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಎದೆಬಡಿತ ಹೆಚ್ಚುತ್ತದೆ, ಹಾಗಾಗಿ ರಕ್ತಪರೀಕ್ಷೆ ಮಾಡಿಸಿ. ಬಳಿಕ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿಸಿ. ಅಜ್ಜಿ ತಾಯತ ಕಟ್ಟಿಸಿದ್ದಾರೆ ಎಂದಿದ್ದೀರಿ. ಅದಕ್ಕಾಗಿ ಜಗಳ ಬೇಡ, ಚಿಕಿತ್ಸೆ ತಡವಾಗದಿದ್ದರೆ ಸಾಕು. ಮಾತಿನ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಮಾತ್ರೆ ಕೊಟ್ಟರೆ, ಅದು ಕೆಲಸ ಮಾಡಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಈಗಲೇ ಯಾರೊಡನಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.