ಅಜ್ಜಿ ಕೂತಳೋ, ಕೂತರೋ, ಕೂತಿತೋ?

‘ನನ್ನ ಕಥೆಯಲ್ಲಿ 70 ದಾಟಿದ ಹೆಂಗಸೊಬ್ಬಳಿದ್ದಾಳೆ. ಮುದುಕಿ ಅನ್ನಲೋ, ವೃದ್ಧೆ ಅನ್ನಲೋ, ಅಜ್ಜಿ ಅನ್ನಲೋ?’ ಅಂತ ಕೇಳಿದ್ದೀರಿ. ಮೂರು ಪದಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ, ಆದರೆ ‘ಇದ್ದಾಳೆ’ ಅಂತ ಯೋಚಿಸದೇ ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

ಮೊದಲು ಆ ಮೂರು ಪದ. ‘ವೃದ್ಧೆ’ ಅಂದರೆ ಅಪಘಾತದ ಸುದ್ದಿ ಓದಿದ ಹಾಗಾಗುತ್ತದೆ. (ವೃದ್ಧ, ವೃದ್ಧಿ ಎರಡೂ ‘ಬೆಳೆ’ ಎಂಬ ಅರ್ಥದ ಒಂದೇ ಸಂಸ್ಕೃತ ಧಾತುವಿನವು. ಈಗ ಯಾರಿಗೆ ನೆನಪಿದೆ ಹೇಳಿ!) ‘ಅಜ್ಜಿ’ ಅಂದ ಕೂಡಲೇ ಓದುಗ ಮೊಮ್ಮಗುವಾಗಿಬಿಡುತ್ತಾನೆ, ಆಕೆಗೆ ಮಕ್ಕಳೇ ಇಲ್ಲದಿದ್ದರೂ. ‘ಮುದುಕಿ’ ಮಾತ್ರ ಯಾರ ಬಾಯಲ್ಲಿ ಬಂತು ಅನ್ನೋದನ್ನು ನೋಡಬೇಕು. ಬೇರೆಯವರು ಸಿಟ್ಟಲ್ಲಿ ಅಂದರೆ ಬೈಗುಳ. ಆಕೆಯೇ ‘ಈ ಮುದುಕಿಗ್ಯಾಕಪ್ಪ ಹೊಸ ಬಟ್ಟೆ’ ಅಂದರೆ ಅದರಲ್ಲಿ ಸ್ವಲ್ಪ ಆಸೆಯೂ ಇರುತ್ತದೆ.

ನಿಜವಾದ ಆಟ ಇರುವುದು ಕ್ರಿಯಾಪದದ ಬಾಲದಲ್ಲಿ. ‘ಅಜ್ಜಿ ಕಿಟಕಿ ಪಕ್ಕ ಕೂತರು’ ಅಂದರೆ ಕಥೆ ಹೇಳುವವನು ಎದ್ದು ನಿಂತಿದ್ದಾನೆ. ‘ಕೂತಳು’ ಅಂದರೆ ಸಲುಗೆ, ಇಲ್ಲವೇ ಅಸಡ್ಡೆ. ‘ಪಾಪ, ಅಜ್ಜಿ ಕೂತ್ಕೊಳ್ತು’ ಅಂದರೆ ಪ್ರೀತಿ ಏನೋ ಇದೆ, ಆದರೆ ಆಕೆ ಮಗುವಿನಷ್ಟು ಚಿಕ್ಕದಾಗಿಬಿಡುತ್ತಾಳೆ.

ನಾನೊಮ್ಮೆ ನಿವೃತ್ತ ಮೇಷ್ಟ್ರೊಬ್ಬರ ಕಥೆ ಬರೆದಿದ್ದೆ. ಮಗಳಿಗೆ ಬಂದ ಕಾಗದವನ್ನು ಆತ ಕದ್ದು ಓದುತ್ತಾನೆ, ಕಥೆಯ ಜೀವ ಅದೇ. ನಾನು ಮರ್ಯಾದೆಯಿಂದ ಉದ್ದಕ್ಕೂ ‘ಓದಿದರು, ಮಡಿಚಿಟ್ಟರು’ ಅಂತ ಬರೆದಿದ್ದೆ. ಗೆಳೆಯನೊಬ್ಬ ಓದಿ, ‘ಮಗಳ ಒಳ್ಳೇದಕ್ಕೇ ಓದಿದ್ದು ಅಲ್ವಾ?’ ಅಂದ. ಆ ‘ರು’ ಮೇಷ್ಟ್ರಿಗೆ ಮೊದಲೇ ಮಾಫಿ ಕೊಟ್ಟಿತ್ತು! ಒಂದು ಸಂಜೆ ಕೂತು ಎಲ್ಲವನ್ನೂ ‘ಓದಿದ, ಮಡಿಚಿಟ್ಟ’ ಅಂತ ತಿದ್ದಿದೆ. ಕಾಗದ ಹಿಡಿದ ಕೈ ಆಗ ಕಳ್ಳನ ಕೈಯಾಯಿತು. ಮಗಳ ಮಾತಲ್ಲಿ ಮಾತ್ರ ‘ಅಪ್ಪ ಓದಿದರು’ ಅಂತಲೇ ಉಳಿಸಿದೆ. ಅದು ಈಗ ಜಾಸ್ತಿ ಚುಚ್ಚುತ್ತದೆ.

ಇನ್ನೊಂದು ವಿಷಯ. ವಯಸ್ಸಾದವರು ಬಂದ ಕೂಡಲೇ ನಮ್ಮ ಕೈ ತಾನಾಗಿ ‘ಗೊಣಗಿದಳು’, ‘ತಡಕಾಡಿದಳು’ ಅಂತ ಬರೆಯುತ್ತದೆ. ಸುಮ್ನೆ ‘ಹೇಳಿದಳು’, ‘ಹುಡುಕಿದಳು’ ಅಂದರೆ ಏನು ಕಮ್ಮಿಯಾಗುತ್ತದೆ? ‘ಇನ್ನೂ’ ಅನ್ನೋ ಪದವನ್ನಂತೂ ನಾನು ಕಂಡಲ್ಲಿ ಹೊಡೆದು ಹಾಕುತ್ತೇನೆ. ‘ಆಕೆ ಇನ್ನೂ ಪೇಪರ್ ಓದುತ್ತಾಳೆ’ ಅಂದರೆ ಇಷ್ಟೊತ್ತಿಗೆ ನಿಲ್ಲಿಸಬೇಕಿತ್ತು ಅಂದ ಹಾಗೆ. ಅದರ ಬದಲು, ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿ, ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಳು ಅಂತ ಬರೆಯಿರಿ. ವಯಸ್ಸು ಹೇಳುವುದೇ ಬೇಡ.

ಈಗ ನೀವು ಹೇಳಿ, ನಿಮ್ಮ ಕಥೆ ಹೇಳುತ್ತಿರುವುದು ಯಾರು? ಆಕೆಯ ತೊಡೆಯ ಮೇಲೆ ಬೆಳೆದ ಮೊಮ್ಮಗನಾದರೆ ‘ಇದ್ದಾಳೆ’ ಹಾಗೇ ಇರಲಿ. ಎದುರು ಮನೆಗೆ ಬಾಡಿಗೆಗೆ ಬಂದ ಹುಡುಗನಾದರೆ ಮೊದಲ ಸಾಲನ್ನೇ ತಿದ್ದಬೇಕು.